ಬಣ್ಣ ಟಗರಿನಲ್ಲಿತ್ತು

ಕೈಯಲ್ಲೇ ಬಣ್ಣ ಹಾಕಿದ ಉಣ್ಣೆ ಈಗ ಅಂತರ್ಜಾಲದ ಅಂಗಡಿಗಳಲ್ಲಿ ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ. ನೂರು ಗ್ರಾಂ ತೂಗುವ ಒಂದು ಹಂಜಿಯ ಸುರುಳಿ. ಒಂದು ತುದಿಗೆ ಅರಿಸಿನ, ನಡುವೆ ಮಂಜಿಷ್ಠದ ಕೆಂಪು, ಇನ್ನೊಂದು ತುದಿಗೆ ನೀಲಿ. ಬೇಕಾದವರು ಮನೆಗೆ ತರಿಸಿಕೊಂಡು ರಾಟೆಗೆ ಕೊಟ್ಟು ನೂಲುತ್ತಾರೆ. ದಖನಿ ಕುರಿಯ ಉಣ್ಣೆಯೂ ಅಲ್ಲೊಂದು ಇಲ್ಲೊಂದು ಕಡೆ ಈ ಪೇಟೆಗೆ ಬಂದಿದೆ. ಅದರ ಬೆನ್ನಿಗೇ ಒಂದು ಮಾತೂ ಬಂದಿದೆ: ಇದು ನಮ್ಮ ಕುರುಬರ ಹಳೆಯ ಬಣ್ಣಗಾರಿಕೆ, ನಡುವೆ ಮರೆತುಹೋಗಿತ್ತು, ಈಗ ಮತ್ತೆ ಚಿಗುರಿದೆ ಎಂದು. ಕೇಳಲು ಚೆಂದದ ಮಾತು. ಆದರೆ ಚಳ್ಳಕೆರೆ, ಮೇಡ್ಲೇರಿ, ಬಳ್ಳಾರಿ ಸೀಮೆಯ ಕಂಬಳಿಯನ್ನು ಮುಂದಿಟ್ಟುಕೊಂಡು ನೋಡಿದರೆ ಅದು ನಿಲ್ಲುವುದಿಲ್ಲ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ಉಣ್ಣೆಗೆ ಬಣ್ಣ ಹಾಕುವ ಕಸುಬು ಮರೆತುಹೋದದ್ದಲ್ಲ. ಕಂಬಳಿಯ ಮಟ್ಟಿಗೆ ಅದು ಬೇಕಾಗಿಯೇ ಇರಲಿಲ್ಲ. ಬೇಕಾದ ಬಣ್ಣವನ್ನು ಹಂಡೆಗೆ ಹಾಕದೆ ಹಿಂಡಿನೊಳಗೇ ಕಟ್ಟಿಕೊಂಡ ನಾಡು ಇದು. ಹಾಗೆ ಮಾಡಿದ್ದು ಬಡತನದಿಂದಲೋ ಅಜ್ಞಾನದಿಂದಲೋ ಅಲ್ಲ, ಲೆಕ್ಕ ಹಾಕಿ ಎಂಬುದು ನನ್ನ ವಾದ.

ಮೊದಲು ಉಣ್ಣೆಯನ್ನೇ ಹತ್ತಿರದಿಂದ ನೋಡಬೇಕು. ದಖನಿ ಕುರಿಯ ಕೂದಲು ಒರಟು. ಮೆರಿನೊ ಎಳೆಯ ದಪ್ಪ 20 ಮೈಕ್ರಾನಿನ ಆಸುಪಾಸಿನಲ್ಲಿದ್ದರೆ ಇದರದು ಹೆಚ್ಚುಕಡಿಮೆ ಅದರ ಎರಡರಷ್ಟು. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕಿಲೋ ಉಣ್ಣೆ ಸಿಕ್ಕುವುದು ಕಷ್ಟ. ಕತ್ತರಿಸಿದ ಒಂದು ಗೊಂಚಲನ್ನು ಅಂಗೈ ಮೇಲೆ ಬಿಡಿಸಿದರೆ ಬುಡ ಮಸಿಯಷ್ಟು ಕಪ್ಪು, ನಡು ಕಂದುಗಪ್ಪು, ತುದಿ ತುಕ್ಕಿನ ಬಣ್ಣ. ಬಿಸಿಲಿಗೆ ಸುಟ್ಟ ತುದಿ ಅದು. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು, ಎಲ್ಲಕ್ಕಿಂತ ಕಪ್ಪು. ಕುರಿಗೆ ವಯಸ್ಸಾದಂತೆ ಬೂದು ಕೂದಲು ಸೇರಿಕೊಳ್ಳುತ್ತದೆ. ಅಂದರೆ ನಾವು ಕರಿ ಕುರಿ ಎನ್ನುವ ಪ್ರಾಣಿ ಕೊಡುವುದು ಒಂದು ಕಪ್ಪನ್ನಲ್ಲ, ನಾಲ್ಕೈದು ಕಪ್ಪುಗಳನ್ನು. ಅವನ್ನು ಬೇರೆ ಬೇರೆ ಮಾಡುವುದು, ಬಿಲ್ಲಿನಿಂದ ಮೀಟಿ ಹಿಂಜುವಾಗ ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ತಿಳಿಯುವುದು, ಇಲ್ಲಿಯೇ ಬಣ್ಣದ ಕೆಲಸ ಮುಗಿಯುತ್ತದೆ. ಆಮೇಲೆ ಹೆಂಗಸರು ನೂಲುತ್ತಾರೆ, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬೀಳುತ್ತದೆ, ಗಂಡಸರು ಗುಣಿಮಗ್ಗದಲ್ಲಿ ಕೂತು ನೇಯುತ್ತಾರೆ. ಈ ಇಡೀ ಸಾಲಿನಲ್ಲಿ ಪಟಿಕದ ನೀರಿಲ್ಲ, ಕುದಿಯುವ ಹಂಡೆಯಿಲ್ಲ. ಅಂಚಿಗೊಂದು ಪಟ್ಟೆ ಬೇಕೆಂದರೆ ಕರಿಯ ಪಕ್ಕಕ್ಕೆ ಬಿಳಿ ಉಣ್ಣೆಯ ನೂಲು ಇಟ್ಟರಾಯಿತು.

ಕರಿ ಕುರಿ ಪ್ರಕೃತಿ ಕೊಟ್ಟದ್ದು, ಅದರಲ್ಲಿ ಕುರುಬರ ಜಾಣ್ಮೆ ಏನು ಬಂತು ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಹವೆಯೇ ಕುರಿಯನ್ನು ಕಪ್ಪು ಮಾಡುವುದಾದರೆ ರಾಯಚೂರು, ಕೊಪ್ಪಳದ ಬಿಸಿಲಿನಲ್ಲಿ ಬೆಳೆಯುವ ಕೆಂಗುರಿಯೂ ಕಪ್ಪಾಗಬೇಕಿತ್ತು. ಅದು ಹೆಸರಿಗೆ ತಕ್ಕ ಹಾಗೆ ಕೆಂಪಾಗಿಯೇ ಉಳಿದಿದೆ. ಅದನ್ನು ಸಾಕುವುದು ಮಾಂಸಕ್ಕೆ, ಉಣ್ಣೆಗಲ್ಲ. ಮಂಡ್ಯದ ಬನ್ನೂರು ಕುರಿಯೂ ಮಾಂಸದ ತಳಿಯೇ, ಅದು ಬಿಳಿ ಮೈಗೆ ಕಂದು ಸೇರಿದ ಬಣ್ಣದ್ದು. ಕಪ್ಪಿನ ಹಿಂಡು ಕಾಣುವುದು ಕಂಬಳಿ ನೇಯುವ ಸೀಮೆಯಲ್ಲಿ. ಕುರಿಗಳ ಬಣ್ಣದ ಆನುವಂಶಿಕತೆ ಇದನ್ನು ಇನ್ನಷ್ಟು ತಿಳಿಯಾಗಿಸುತ್ತದೆ. ಅನೇಕ ತಳಿಗಳಲ್ಲಿ ಬಿಳುಪು ಮೇಲುಗೈಯ ಗುಣ, ಕಪ್ಪು ಅಡಗಿ ಕೂರುವ ಗುಣ. ಬಿಳಿ ಜೋಡಿಗೆ ಎಂದಾದರೊಮ್ಮೆ ಕರಿ ಮರಿ ಹುಟ್ಟಿ ಯಜಮಾನನನ್ನು ಬೆಚ್ಚಿಬೀಳಿಸಬಹುದು; ಆದರೆ ಅಂಥ ತಳಿಯ ಕರಿ ಟಗರಿಗೂ ಕರಿ ಕುರಿಗೂ ಹುಟ್ಟುವುದು ಕರಿ ಮರಿಯೇ. ಹೀಗಾಗಿ ಟಗರನ್ನು ಆರಿಸುವಾಗ ಕಪ್ಪನ್ನು ಬಿಟ್ಟುಕೊಡದಿದ್ದರೆ ಕೆಲವೇ ತಲೆಮಾರುಗಳಲ್ಲಿ ಹಿಂಡಿಗೆ ಹಿಂಡೇ ಒಂದು ಬಣ್ಣಕ್ಕೆ ನಿಲ್ಲುತ್ತದೆ. ಅದೇ ಹಿಂಡಿಗೆ ಒಂದು ಬಿಳಿ ಟಗರು ಹೊಕ್ಕರೆ ಒಂದೇ ಸೂಲಿನಲ್ಲಿ ಎಲ್ಲ ಕಲಸಿಹೋಗುತ್ತದೆ. ಬಣ್ಣಗಾರನ ಹಂಡೆಯಲ್ಲಿ ತಪ್ಪಾದರೆ ಒಂದು ಲಡಿ ಕೆಡುತ್ತದೆ. ಟಗರಿನ ಆಯ್ಕೆಯಲ್ಲಿ ತಪ್ಪಾದರೆ ಸರಿಪಡಿಸಲು ವರ್ಷಗಳು ಬೇಕು. ಇಷ್ಟು ಬಿಗಿಯಾದ ಆಯ್ಕೆಯನ್ನು ತಲೆತಲಾಂತರ ನಡೆಸಿಕೊಂಡು ಬಂದವರಿಗೆ ಬಣ್ಣದ ವಿದ್ಯೆ ಗೊತ್ತಿರಲಿಲ್ಲ ಎಂದು ಹೇಳುವುದು ಹೇಗೆ?

ಇನ್ನು ಬಡತನದ ಮಾತು. ಬಣ್ಣಕ್ಕೆ ದುಡ್ಡು ಬೇಕು, ಕುರುಬರ ಕೈಯಲ್ಲಿ ಇರಲಿಲ್ಲ, ಅದಕ್ಕೇ ಸಿಕ್ಕಿದ ಉಣ್ಣೆಯನ್ನು ಸಿಕ್ಕಿದ ಹಾಗೇ ನೇಯ್ದರು ಎನ್ನುವವರಿದ್ದಾರೆ. ಇದರಲ್ಲಿ ಒಂದು ಎಳೆ ನಿಜವಿದೆ. ಚಳ್ಳಕೆರೆ ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲೊಂದು. ನೀರು, ಸೌದೆ ಎರಡಕ್ಕೂ ಕೈ ಬಿಗಿ. ಉಣ್ಣೆಗೆ ಬಣ್ಣ ಹಿಡಿಯಬೇಕಾದರೆ ಮೊದಲು ಜಿಡ್ಡು ತೊಳೆಯಬೇಕು, ನೂರು ಗ್ರಾಂಗೆ ಹತ್ತರಿಂದ ಹದಿನೈದು ಗ್ರಾಂ ಪಟಿಕ ಕೂಡಿಸಿ ನೀರನ್ನು ನಿಧಾನವಾಗಿ ಕುದಿಯ ಹತ್ತಿರಕ್ಕೆ ತಂದು ಗಂಟೆಗಟ್ಟಲೆ ಹಾಗೇ ಹಿಡಿಯಬೇಕು, ಅಷ್ಟೇ ನಿಧಾನವಾಗಿ ಆರಿಸಬೇಕು. ಅವಸರ ಮಾಡಿ ತಣ್ಣೀರಿಗೆ ಅದ್ದಿ ಹಿಂಡಿದರೆ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಗುಪ್ಪೆಯಾಗುತ್ತದೆ, ನೂಲಲು ಬಾರದು. ಖರ್ಚಿನ ಕೆಲಸವೇ ಹೌದು. ಆದರೆ ಕಂಬಳಿ ಕೊಳ್ಳುವವರೆಲ್ಲ ಬಡವರಾಗಿರಲಿಲ್ಲ. ಮರಿಯುಣ್ಣೆಯ ನಯವಾದ ಕಂಬಳಿಗೆ ಒಳ್ಳೆ ಬೆಲೆಯೇ ಇತ್ತು. ಅದನ್ನು ಕೊಳ್ಳುವ ಉಳ್ಳವರಿಗೆ ಕೆಂಪು ಕಂಬಳಿಯೋ ಹಸಿರು ಕಂಬಳಿಯೋ ಬೇಕಾಗಿದ್ದರೆ ನೇಕಾರ ಒದಗಿಸುತ್ತಿದ್ದ. ಅವರು ಹೆಚ್ಚು ಹಣ ಕೊಟ್ಟು ಕೇಳಿದ್ದು ಇನ್ನೂ ಗಾಢವಾದ ಕಪ್ಪನ್ನು.

ಬಣ್ಣಗಾರರು ದೂರದಲ್ಲೂ ಇರಲಿಲ್ಲ. ಇಳಕಲ್ಲು, ಗುಳೇದಗುಡ್ಡದ ನೇಯ್ಗೆ ಬಣ್ಣದ ನೂಲಿನ ಮೇಲೆಯೇ ನಿಂತದ್ದು. ನೀಲಿ, ಅರಗು, ಅಳಲೆಕಾಯಿ, ಮಡ್ಡಿ ಬೇರು ಎಲ್ಲ ಪರಿಚಿತ ಸರಕು. ತೊಡಕು ಇನ್ನೊಂದು ಕಡೆ ಇತ್ತು. ಹತ್ತಿ ಗಿಡದ ನಾರು, ಕ್ಷಾರವನ್ನು ತಡೆದುಕೊಳ್ಳುತ್ತದೆ. ಸುಣ್ಣ ಹಾಕಿ ಹುಳಿಬರಿಸಿದ ನೀಲಿಯ ತೊಟ್ಟಿ ಅದಕ್ಕೆ ಒಗ್ಗುತ್ತದೆ. ಉಣ್ಣೆ ಕೂದಲು, ಪ್ರೋಟೀನು. ಬಲವಾದ ಕ್ಷಾರದಲ್ಲಿ ಬಿಟ್ಟರೆ ಜೀರ್ಣವಾಗಿಹೋಗುತ್ತದೆ. ಹತ್ತಿಗೆ ಪಳಗಿದ ತೊಟ್ಟಿಗೆ ಉಣ್ಣೆಯನ್ನು ಹಾಗೇ ಇಳಿಸುವಂತಿಲ್ಲ, ಬೇರೆಯೇ ಹದ ಕಲಿಯಬೇಕು. ಕಲಿತರೂ ಕರಿ ಉಣ್ಣೆಯ ಮೇಲೆ ಯಾವ ಬಣ್ಣ ತಾನೇ ಕಾಣುತ್ತದೆ? ಇದರ ಜೊತೆಗೆ ಬಳಕೆಯ ಪ್ರಶ್ನೆಯೂ ಇದೆ. ಬಯಲುಸೀಮೆಯ ಕಂಬಳಿಗೆ ಮಲೆನಾಡು ದೊಡ್ಡ ಗಿರಾಕಿ. ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿಯುವವರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡರೆ ನೀರು ಒಳಗಿಳಿಯಲು ಹೊತ್ತು ಹಿಡಿಯುತ್ತಿತ್ತು. ಒತ್ತಾದ ಒರಟು ಎಳೆಯೂ, ಇರುವಷ್ಟು ಜಿಡ್ಡೂ ಈ ಕೆಲಸಕ್ಕೆ ಬೇಕು. ಬಣ್ಣಕ್ಕಾಗಿ ಜಿಡ್ಡು ತೆಗೆದರೆ ಆ ಗುಣವೇ ಅಷ್ಟು ಕಡಿಮೆ. ಕೆಸರು, ಹೊಗೆ, ದನದ ಕೊಟ್ಟಿಗೆ ಎಲ್ಲವನ್ನೂ ಕಂಡು ಬರುವ ಬಟ್ಟೆಗೆ ಕಪ್ಪಿನಷ್ಟು ಒದಗುವ ಬಣ್ಣ ಇನ್ನೊಂದಿಲ್ಲ ಎಂಬುದು ಬಟ್ಟೆ ಒಗೆದವರಿಗೆಲ್ಲ ಗೊತ್ತು.

ಕಪ್ಪಿಗೆ ಕಾರಣ ವ್ಯಾಪಾರವಲ್ಲ, ದೈವ ಎನ್ನುವ ಇನ್ನೊಂದು ಆಕ್ಷೇಪವೂ ಉಂಟು. ಹಾಲುಮತದವರ ಆಚರಣೆಗಳಲ್ಲಿ ಕರಿ ಕಂಬಳಿ ಹಾಸಿಯೇ ಗದ್ದುಗೆ. ಮೈಲಾರಲಿಂಗನ ಗೊರವರು ಕರಡಿ ಚರ್ಮದ ಟೋಪಿ, ಕರಿ ಕಂಬಳಿಯಿಲ್ಲದೆ ಗೊರವರಾಗುವುದಿಲ್ಲ. ಕನಕದಾಸರ ಚಿತ್ರವನ್ನು ಯಾರೇ ಬರೆಯಲಿ, ಹೆಗಲಿಗೆ ಕಂಬಳಿ ಬರುತ್ತದೆ. ಕುರುಬರ ಒಳಪಂಗಡಗಳ ಹೆಸರುಗಳೇ ಮದುವೆಯಲ್ಲಿ ಕಟ್ಟುವ ಕಂಕಣದ ನೂಲಿನಿಂದ ಬಂದಿವೆ, ಉಣ್ಣೆ ಕಂಕಣ, ಹತ್ತಿ ಕಂಕಣ ಎಂದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಈ ಭೇದವನ್ನು ಬರೆದಿಟ್ಟಿದ್ದಾನೆ. ಇದೆಲ್ಲ ನಿಜ. ಆದರೆ ದೈವವೂ ವ್ಯಾಪಾರವೂ ಒಂದನ್ನೊಂದು ತಳ್ಳಿಹಾಕುವ ಕಾರಣಗಳಲ್ಲ. ಯಾವುದು ಹೆಚ್ಚು ತೂಗಿತು ಎಂದು ಅಳೆಯಲು ಒಂದು ಒರೆಗಲ್ಲು ನಮ್ಮ ಕಣ್ಣೆದುರೇ ಇದೆ. ಕಂಬಳಿಯ ಬೇಡಿಕೆ ಕುಸಿದ ಮೇಲೆ ಸಾಕುವವರು ಮಾಂಸ ಹೆಚ್ಚು ಕೊಡುವ, ಉಣ್ಣೆಯೇ ಇಲ್ಲದ ನೆಲ್ಲೂರು ಮುಂತಾದ ತಳಿಗಳ ಟಗರುಗಳನ್ನು ಹಿಂಡಿಗೆ ಬಿಟ್ಟರು. ಬೀರಪ್ಪನ ಜಾತ್ರೆ ಹಾಗೇ ನಡೆಯುತ್ತಿದೆ, ಹಿಂಡಿನ ಬಣ್ಣ ಮಾತ್ರ ಬದಲಾಯಿತು. ಗದ್ದುಗೆಗೆ ಬೇಕಾದದ್ದು ಒಂದು ಕಂಬಳಿ. ಹಿಂಡನ್ನು ಕಪ್ಪಾಗಿ ಹಿಡಿದಿಟ್ಟದ್ದು ಸಂತೆ.

ಇಡೀ ದಖನಿನಲ್ಲಿ ಬಣ್ಣದ ಉಣ್ಣೆಯೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಪರ್ಷಿಯಾದ ಕಸುಬು ಬೇರೂರಿದ ಏಲೂರು, ವಾರಂಗಲ್ಲುಗಳಲ್ಲಿ ಬಣ್ಣದ ಉಣ್ಣೆಯ ರತ್ನಗಂಬಳಿಗಳಾಗುತ್ತಿದ್ದವು. 1851ರ ಲಂಡನ್ ಮಹಾಪ್ರದರ್ಶನಕ್ಕೆ ವಾರಂಗಲ್ಲಿನವು ಹೋಗಿ ಹೆಸರು ಪಡೆದವು. ಬೆಂಗಳೂರಿನ ರತ್ನಗಂಬಳಿಗಳಿಗೂ ಒಂದು ಕಾಲಕ್ಕೆ ಹೆಸರಿತ್ತು. ಮಡಿಯ ಧಾಬಳಿಗಳೆಲ್ಲ ಕಪ್ಪೂ ಅಲ್ಲ. ಆದರೆ ರತ್ನಗಂಬಳಿ ಪಟ್ಟಣದ ಸರಕು, ನೆಲದ ಮೇಲೆ ಹಾಸುವ ಚಿತ್ತಾರ; ಹೊಳೆಯುವ ಬಣ್ಣಕ್ಕೆ ತಿಳಿ ಉಣ್ಣೆಯೇ ಆಗಬೇಕು. ಕಂಬಳಿ ಹಟ್ಟಿಯ ಸರಕು. ಎರಡಕ್ಕೂ ಉಣ್ಣೆ ಎಂಬ ಒಂದೇ ಹೆಸರಿದೆ ಎಂದು ಒಂದರ ಚರಿತ್ರೆಯನ್ನು ಇನ್ನೊಂದರ ಹೆಗಲಿಗೆ ಹೊದಿಸಬಾರದು. ಅಂತರ್ಜಾಲದ ವ್ಯಾಪಾರಿಗಳು ಮಾಡುತ್ತಿರುವುದು ಇದನ್ನೇ.

ಕರಿ ಉಣ್ಣೆ ಕೀಳು ಎಂಬ ತೀರ್ಪು ಬಂದದ್ದು ಹೊರಗಿನಿಂದ, ಅದಕ್ಕೆ ಕಾರಣವೂ ಬಣ್ಣವೇ. ಗಿರಣಿಗೆ ಬೇಕಾದದ್ದು ಬಿಳಿ ಉಣ್ಣೆ, ಏಕೆಂದರೆ ಬಿಳಿಯನ್ನು ಯಾವ ಬಣ್ಣಕ್ಕಾದರೂ ತಿರುಗಿಸಬಹುದು. 1856ರಲ್ಲಿ ವಿಲಿಯಂ ಪರ್ಕಿನ್ ಡಾಂಬರಿನಿಂದ ನೇರಳೆ ಬಣ್ಣ ತೆಗೆದ ಮೇಲೆ ಈ ಹಸಿವು ಇನ್ನೂ ಹೆಚ್ಚಿತು. 1868ರಲ್ಲಿ ಮಂಜಿಷ್ಠ ಜಾತಿಯ ಬೇರಿನ ಕೆಂಪನ್ನು ಜರ್ಮನಿಯ ರಸಾಯನಜ್ಞರು ಪ್ರಯೋಗಶಾಲೆಯಲ್ಲಿ ಮಾಡಿದರು, 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಬಣ್ಣ ಅಗ್ಗವಾದಷ್ಟೂ ಬಿಳಿ ಉಣ್ಣೆ ತುಟ್ಟಿ. ಮೆರಿನೊ ಸಾಕುವ ದೇಶಗಳಲ್ಲಿ ಬಿಳಿ ಮೂಟೆಯಲ್ಲಿ ನಾಲ್ಕು ಕರಿ ಎಳೆ ಸಿಕ್ಕರೂ ಬೆಲೆ ಇಳಿಯುತ್ತದೆ. ಅಲ್ಲಿ ಕರಿ ಮರಿ ಎಂದರೆ ಹಿಂಡಿನಿಂದ ಹೊರಗೆ ಹಾಕುವ ಮರಿ. ಈ ಕಣ್ಣಿನಿಂದ ನೋಡಿದ ಸರ್ಕಾರಿ ಸುಧಾರಕರು ನಮ್ಮ ಕುರಿಗಳನ್ನೂ ತಿದ್ದಲು ಹೊರಟರು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲೇ ಇಲ್ಲಿಗೆ ಮೆರಿನೊ ಬಂತು. ಸ್ವಾತಂತ್ರ್ಯದ ನಂತರ ರಾಂಬುಯೆ ಟಗರುಗಳ ಸರದಿ. ನಯವಾದ ಬಿಳಿ ಉಣ್ಣೆಯೇ ಉತ್ತಮ ಉಣ್ಣೆ ಎಂಬುದು ಎರಡಕ್ಕೂ ಅಡಿಗಲ್ಲು. ಕಂಬಳಿ ನೇಕಾರನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನಯವಾದ ಎಳೆ ಅವನ ಗಿರಾಕಿಯ ಮಳೆಗೆ ತಡೆಯದು, ಬಿಳಿ ಟಗರು ಅವನ ಕಪ್ಪನ್ನು ಕಳೆಯುತ್ತದೆ. ಹಿಂಡಿನವರು ಈ ಸುಧಾರಣೆಗೆ ಬೆನ್ನು ತಿರುಗಿಸಿದ್ದನ್ನು ಹಟ ಎಂದು ಕರೆಯುವುದು ಸುಲಭ. ನನಗೆ ಅದು ಸರಿಯಾದ ಲೆಕ್ಕವಾಗಿಯೇ ಕಾಣುತ್ತದೆ.

ಕೊನೆಗೆ ಕಂಬಳಿಯನ್ನು ಹಿಂದಕ್ಕೆ ತಳ್ಳಿದ್ದು ಮೆರಿನೊ ಅಲ್ಲ, ಪ್ಲಾಸ್ಟಿಕ್ ಹೊದಿಕೆ ಮತ್ತು ಪಾಣಿಪತ್ತಿನ ಅಗ್ಗದ ಹೊದಿಕೆ. ಪಾಣಿಪತ್ತಿನದರಲ್ಲಿ ಒಂದು ತಮಾಷೆಯಿದೆ. ಅಲ್ಲಿ ವಿದೇಶದಿಂದ ಬಂದ ಹಳೆಯ ಸ್ವೆಟರು, ಕೋಟುಗಳನ್ನು ಮೊದಲು ಬಣ್ಣದ ಪ್ರಕಾರ ರಾಶಿ ಹಾಕುತ್ತಾರೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಆಮೇಲೆ ಹರಿದು ಹಿಂಜಿ ನೂಲುತ್ತಾರೆ. ಹೊಸದಾಗಿ ಬಣ್ಣ ಹಾಕುವ ಖರ್ಚು ಉಳಿಯುತ್ತದೆ. ಚಳ್ಳಕೆರೆಯ ಹೆಂಗಸರು ಕತ್ತರಿಸಿದ ಉಣ್ಣೆಯನ್ನು ಮುಂದಿಟ್ಟುಕೊಂಡು ಮಾಡುತ್ತಿದ್ದ ಆಯ್ಕೆಯೇ ಯಂತ್ರದ ಹೆಗಲೇರಿ ಬಂದು ಅವರ ಕಂಬಳಿಯನ್ನು ಸಂತೆಯಿಂದ ಎಬ್ಬಿಸಿತು. ಇತ್ತ ದಖನಿ ಉಣ್ಣೆಗೆ ಕತ್ತರಿಸುವ ಕೂಲಿಯೂ ಹುಟ್ಟದ ಕಡೆಗಳಲ್ಲಿ, ಕುರಿಯ ಮೈ ಹಗುರಾಗಲೆಂದು ಕತ್ತರಿಸಿ ಅಲ್ಲೇ ಬಿಟ್ಟು ಹಿಂಡು ಮುಂದಕ್ಕೆ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಯಾರಾದರೂ ಆ ಉಣ್ಣೆಯನ್ನು ಕೊಂಡು, ತೊಳೆದು, ಬಣ್ಣ ಹಾಕಿ, ಪೊಟ್ಟಣ ಕಟ್ಟಿ ಮಾರುವುದನ್ನು ತಪ್ಪೆನ್ನಲು ಬರುವುದಿಲ್ಲ. ಅದೊಂದು ಹೊಸ ಕಸುಬು, ಹೊಸದಾಗಿಯೇ ನಿಲ್ಲಲಿ. ಬಿಳಿ ಉಣ್ಣೆಯನ್ನು ಮಾತ್ರ ಆರಿಸಿಕೊಂಡು ಕರಿಯನ್ನು ಬಿಟ್ಟುಹೋಗುವ ವ್ಯಾಪಾರಿ ಅರಿಯದೆಯೇ ಗಿರಣಿಯ ತೀರ್ಪಿಗೆ ಸಹಿ ಹಾಕುತ್ತಾನೆ. ಬೂದು ಉಣ್ಣೆಯ ಮೇಲೆ ಮಂಜಿಷ್ಠ ಹಾಕಿ ನೋಡಿದವರಿಗೆ ಬೇರೆಯೇ ಒಂದು ಸಾಧ್ಯತೆ ಕಂಡೀತು: ಬಿಳಿ ಎಳೆ ಇಟ್ಟಿಗೆ ಕೆಂಪಾಗುತ್ತದೆ, ಕರಿ ಎಳೆ ಕರಿಯಾಗಿಯೇ ಉಳಿಯುತ್ತದೆ, ನೂಲಿದಾಗ ಎರಡೂ ಸೇರಿ ಒಣಗಿದ ಬೋರೆಹಣ್ಣಿನ ಬಣ್ಣ ಬರುತ್ತದೆ. ಕರಿಗೆ ಬಣ್ಣವೇ ಬೇಡ. ಯಾವ ಹಿಂಡು, ಎಷ್ಟನೆಯ ಕತ್ತರಿ, ತುದಿ ಬಿಸಿಲಿಗೆ ಸುಟ್ಟಿದೆಯೇ ಎಂಬ ಮೂರು ಸಂಗತಿಗಳನ್ನು ಪೊಟ್ಟಣದ ಮೇಲೆ ಬರೆದರೆ ಸಾಕು. ಸಂತೆಯಲ್ಲಿ ಕಂಬಳಿ ಮುಟ್ಟಿ ನೋಡಿ ಕೊಳ್ಳುತ್ತಿದ್ದವರು ಚೌಕಾಸಿಗೆ ಮುಂಚೆ ತಿಳಿಯಬಯಸುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ.