ಯುವಜನ ಸಾಧನಾ ಕಾರ್ಯಕ್ರಮಗಳು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಚರಿತ್ರೆ

ಹರೆಯದ ಹುಡುಗ ಹುಡುಗಿಯರಿಗೆ ತರಗತಿಯ ಪಾಠದಾಚೆ ಒಂದಿಷ್ಟು ಕೆಲಸಗಳನ್ನು ಹಂತಹಂತವಾಗಿ ಕಲಿಸಿ, ಕಲಿತದ್ದನ್ನು ಮಾಡಿ ತೋರಿಸಿದವರಿಗೆ ಪದಕವನ್ನೋ ಪ್ರಮಾಣಪತ್ರವನ್ನೋ ಕೊಡುವ ವ್ಯವಸ್ಥೆಗಳನ್ನು ಯುವಜನ ಸಾಧನಾ ಕಾರ್ಯಕ್ರಮಗಳೆನ್ನುತ್ತಾರೆ. ಸ್ಕೌಟ್ಸ್ ಮತ್ತು ಗೈಡ್ಸ್, ಎನ್.ಸಿ.ಸಿ., ರಾಷ್ಟ್ರೀಯ ಸೇವಾ ಯೋಜನೆ, ಸ್ವ-ಉದ್ಯೋಗ ತರಬೇತಿಗಳೆಲ್ಲ ಈ ಬಗೆಯವು. ಹಾವೇರಿ ಸೀಮೆ 1997ರ ಆಗಸ್ಟ್ 24ರಂದು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರ ಏಕೀಕರಣಕ್ಕೆ ಮುಂಚೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿಯ ಕಥೆ ಹಳೆ ಮೈಸೂರಿನ ಕಥೆಯಂತೆ ಅರಮನೆಯ ಆಶ್ರಯದಲ್ಲಿ ಮೊದಲಾಗುವುದಿಲ್ಲ. ಸ್ವಾತಂತ್ರ್ಯ ಚಳವಳಿಯ ಸ್ವಯಂಸೇವಕರ ಶಿಬಿರಗಳಿಂದ ಮೊದಲಾಗುತ್ತದೆ.

ಅದಕ್ಕೂ ಮೊದಲು ಊರೂರಿನ ಗರಡಿ ಮನೆಗಳು, ದೊಡ್ಡಾಟದ ತಾಲೀಮುಗಳು, ಮನೆತನದ ಕಸುಬುಗಳು ಇದ್ದೇ ಇದ್ದವು. ಹುಡುಗ ಗುಂಡು ಎತ್ತಿದರೆ, ಪಾತ್ರದ ಮಾತುಗಳನ್ನು ತಪ್ಪಿಲ್ಲದೆ ಒಪ್ಪಿಸಿದರೆ ಊರೇ ಮೆಚ್ಚುತ್ತಿತ್ತು. ಆದರೆ ಈ ಕಲಿಕೆಗೆ ಜಾತಿಯ, ಓಣಿಯ ಬೇಲಿ ಇತ್ತು, ಹೆಣ್ಣುಮಕ್ಕಳಿಗೆ ಬಹುತೇಕ ಪ್ರವೇಶವೇ ಇರಲಿಲ್ಲ. ಸರ್ಕಾರದ ಕಡೆಯಿಂದ ಹೇಳಬಹುದಾದದ್ದು ಹಾವೇರಿ ಹತ್ತಿರದ ದೇವಿಹೊಸೂರಿನ ಕೃಷಿ ಶಾಲೆ. ರೈತರ ಮಕ್ಕಳಿಗೆ ಅವರ ಮಾತಿನಲ್ಲೇ ಬೇಸಾಯ ಕಲಿಸಲೆಂದು ಮುಂಬೈ ಸರ್ಕಾರ ಬ್ರಿಟಿಷರ ಕಾಲದಲ್ಲೇ ಅದನ್ನು ನಡೆಸುತ್ತಿತ್ತು.

ಎಲ್ಲ ಜಾತಿಯ ತರುಣರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತರಬೇತಿ ಕೊಟ್ಟವರು ಡಾ. ನಾ. ಸು. ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು ಬಂದವರು ಅವರು. 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಸೆರೆಯಾದ ಅವರ ಹುಬ್ಬಳ್ಳಿಯ ಸ್ವಯಂಸೇವಕರು ಜೈಲಿನ ಕಷ್ಟಕ್ಕೆ ಜಗ್ಗದೆ, ಕ್ಷಮೆ ಕೇಳದೆ ನಿಂತದ್ದನ್ನು ಕಾಂಗ್ರೆಸ್ಸಿನ ಹಿರಿಯರು ಗಮನಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಹರ್ಡೀಕರರ ಮುಂದಾಳುತನದಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಹುಬ್ಬಳ್ಳಿಯೇ ಅದರ ಕೇಂದ್ರವಾಯಿತು. ಕವಾಯತು, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿರ್ವಹಣೆ, ಊರಿನ ನೈರ್ಮಲ್ಯ ಅಲ್ಲಿಯ ಪಾಠಗಳು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಈ ದಳದ ಶಿಸ್ತು ಎಲ್ಲರ ಕಣ್ಣಿಗೆ ಬಿತ್ತು. ಮಹಿಳಾ ವಿಭಾಗದ ಹೊಣೆಯನ್ನು ಉಮಾಬಾಯಿ ಕುಂದಾಪುರ ಹೊತ್ತರು. ಹೆಣ್ಣುಮಕ್ಕಳು ಮನೆಯ ಹೊಸಿಲು ದಾಟಿ ಶಿಬಿರಕ್ಕೆ ಬರುವುದೇ ಆಗ ದೊಡ್ಡ ಸಾಧನೆ.

ಈ ಸೀಮೆಗೆ ಕಲಿಕೆ ಮತ್ತು ಸೇವೆ ಬೇರೆಯಲ್ಲ ಎಂದು ಬದುಕಿ ತೋರಿಸಿದವರು ಮೈಲಾರ ಮಹಾದೇವಪ್ಪ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಅವರು ಹಂಸಭಾವಿಯಲ್ಲಿ ಓದಿ, ಖಾದಿಯ ಕೆಲಸ ಕಲಿಯಲು ಸಾಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ದಂಡಿಗೆ ಹೊರಟ ತಂಡಕ್ಕೆ ಗಾಂಧೀಜಿ ಆರಿಸಿಕೊಂಡವರಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಆಗ ವಯಸ್ಸು ಹದಿನೆಂಟು. ಆ ಯಾತ್ರೆಯ ಕಟ್ಟುಪಾಡುಗಳನ್ನು ಗಮನಿಸಬೇಕು. ದಿನವಿಡೀ ನಡೆದು ದಣಿದಿದ್ದರೂ ಪ್ರತಿಯೊಬ್ಬನೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು. ಇಂದು ಸ್ಕೌಟ್ ಹುಡುಗ ತುಂಬುವ ಲಾಗ್ ಬುಕ್ಕಿಗೂ ಅಂದಿನ ಆ ದಿನಚರಿಗೂ ಉದ್ದೇಶ ಒಂದೇ: ತಾನು ಇವತ್ತು ಏನು ಮಾಡಿದೆ ಎಂಬುದಕ್ಕೆ ತಾನೇ ಲೆಕ್ಕ ಕೊಡುವುದು.

ಊರಿಗೆ ಮರಳಿದ ಮಹಾದೇವಪ್ಪ ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ನೂಲುವುದು, ನೇಯುವುದು, ಊರು ಸ್ವಚ್ಛ ಮಾಡುವುದು ಅಲ್ಲಿಯ ದಿನದ ಕೆಲಸ. ಬಂದ ತರುಣರಿಗೆ ಕೂಲಿಯೂ ಸಿಗಬೇಕು, ಊರಿಗೂ ಉಪಯೋಗವಾಗಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಪತ್ನಿ ಸಿದ್ದಮ್ಮನವರೂ ಚಳವಳಿಗೆ ಧುಮುಕಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು. ಜನ ಮಹಾದೇವಪ್ಪನವರನ್ನು ಹುತಾತ್ಮರೆಂದು ನೆನೆಯುತ್ತಾರೆ, ಸರಿ. ಕೊರಡೂರಿನಲ್ಲಿ ಅವರು ಕಲಿಸುವವರೂ ಆಗಿದ್ದರು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ನೆನೆಯಬೇಕು. ಹೊಸರಿತ್ತಿಯವರೇ ಆದ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿ (1906–1972) ಇದೇ ಜಾಡಿನವರು. 1980ರ ದಶಕದಲ್ಲಿ ಹೊಸರಿತ್ತಿಯಲ್ಲಿ ಆರಂಭವಾದ ಗಾಂಧಿ ಗ್ರಾಮೀಣ ಗುರುಕುಲ ಆ ಪರಂಪರೆಯ ಮುಂದುವರಿಕೆ. ವಸತಿ ಶಾಲೆಯಾದ ಇಲ್ಲಿ ಓದಿನ ಜೊತೆ ಹೊಲದ ಕೆಲಸ, ದನಗಳ ಆರೈಕೆ, ಖಾದಿಯ ಶಿಸ್ತು ಸೇರಿಕೊಂಡಿವೆ.

ಸ್ಕೌಟ್ ಚಳವಳಿ ಬೇರೊಂದು ದಾರಿಯಲ್ಲಿ ಬಂತು. ಭಾರತದ ಮೊದಲ ಸ್ಕೌಟ್ ದಳವನ್ನು 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ಕಟ್ಟಿದಾಗ ಅದು ಆಂಗ್ಲ ಮನೆತನಗಳ ಹುಡುಗರಿಗಷ್ಟೇ. ಭಾರತೀಯ ಮಕ್ಕಳಿಗಾಗಿ ಆನಿ ಬೆಸೆಂಟ್ 1917ರಲ್ಲಿ ಮದರಾಸಿನಲ್ಲಿ ಪ್ರತ್ಯೇಕ ಸಂಸ್ಥೆ ತೆರೆಯಬೇಕಾಯಿತು. ಸ್ವಾತಂತ್ರ್ಯದ ನಂತರ ಬೇರೆ ಬೇರೆ ಸಂಸ್ಥೆಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು; ಮರುವರ್ಷ ಗೈಡ್ಸ್ ಸಂಸ್ಥೆಯೂ ಸೇರಿತು. ಕರ್ನಾಟಕದಲ್ಲಿ ಇದನ್ನು ಹಳ್ಳಿಯ ಶಾಲೆಗಳಿಗೆ ಮುಟ್ಟಿಸಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ದೊಡ್ಡದು. ಹರಿಹರದ ಬಳಿಯ ಅವರ ಊರು ಕೊಂಡಜ್ಜಿಯ ತರಬೇತಿ ಕೇಂದ್ರ ರಾಣೆಬೆನ್ನೂರಿಗೆ ಹತ್ತಿರ. ತುಂಗಭದ್ರೆ ದಾಟಿದರೆ ಸಾಕು.

ಸ್ಕೌಟ್ ಕಲಿಕೆಯ ಹಂತಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾಧನಾ ಕಾರ್ಯಕ್ರಮದ ಒಳಗುಟ್ಟು ಇರುವುದು ಅಲ್ಲಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯಪಾಲರ ಹೆಸರಿನ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದನ್ನು ದಾಟದೆ ಇನ್ನೊಂದಕ್ಕೆ ಹೋಗುವಂತಿಲ್ಲ, ಒಂದೊಂದಕ್ಕೂ ತಿಂಗಳುಗಟ್ಟಲೆ ಬೇಕು. ಪರೀಕ್ಷಾ ಶಿಬಿರದಲ್ಲಿ ಹುಡುಗಿಯೊಬ್ಬಳು ಹಗ್ಗ ಹಿಡಿದು ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್ ಹಾಕಿ ತೋರಿಸುತ್ತಾಳೆ. ಮುರಿದ ಮುಂಗೈಗೆ ತ್ರಿಕೋನ ಬಟ್ಟೆಯ ಜೋಲಿ ಕಟ್ಟುತ್ತಾಳೆ. ಕಟ್ಟಿಗೆ ಒಟ್ಟಿ ಒಲೆ ಹೂಡಿ, ಪಾತ್ರೆಯೇ ಇಲ್ಲದೆ ಅಡುಗೆ ಮಾಡುವ ಪಾಠವೂ ಇದೆ. ದಿಕ್ಸೂಚಿ ಹಿಡಿದು ಗುರುತುಗಳನ್ನು ಹುಡುಕುತ್ತ ಗುಂಪಿನೊಂದಿಗೆ ನಡೆದು ಬಂದು ವರದಿ ಬರೆಯಬೇಕು. ಪಕ್ಕದವಳ ಅಂಕದ ಜೊತೆ ಇಲ್ಲಿ ಹೋಲಿಕೆಯಿಲ್ಲ. ಗಂಟು ನಿಂತರೆ ಪಾಸು, ಜಾರಿದರೆ ಮತ್ತೆ ಕಲಿತು ಬರಬೇಕು. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಎಷ್ಟೋ ಮಕ್ಕಳು ಶಿಬಿರದಲ್ಲಿ ಮುಂದಾಳುಗಳಾಗುವುದು ಈ ಕಾರಣಕ್ಕೆ. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಸ್ಕೌಟ್ಸ್ ಮತ್ತು ಎನ್.ಸಿ.ಸಿ.ಗೆ ವಿಶೇಷ ಪ್ರವರ್ಗವಿರುವುದರಿಂದ ಕೆಲವು ಪಾಲಕರು ಪ್ರಮಾಣಪತ್ರಕ್ಕಾಗಿಯೇ ಮಕ್ಕಳನ್ನು ಸೇರಿಸುತ್ತಾರೆ. ಹಾಗೆ ಸೇರಿದ ಮಗುವೂ ಒಲೆ ಹೊತ್ತಿಸುವುದನ್ನು ಕಲಿಯದೆ ಮುಂದೆ ಹೋಗಲಾರದು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ರಾಜ್ಯದಲ್ಲಿ ಈ ಚಳವಳಿಗಿರುವ ಬಲವನ್ನು ತೋರಿಸಿತು.

1948ರಲ್ಲಿ ಎನ್.ಸಿ.ಸಿ. ಬಂತು. ಅದರ ‘ಎ’, ‘ಬಿ’, ‘ಸಿ’ ಪ್ರಮಾಣಪತ್ರಗಳು ಸೈನ್ಯ, ಪೊಲೀಸ್ ಕೆಲಸ ಬಯಸುವ ಹುಡುಗರಿಗೆ ಇಂದಿಗೂ ಆಸರೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಸೇವೆಯನ್ನೇ ಮುಂದಿಟ್ಟುಕೊಂಡಿತು. ಎರಡು ವರ್ಷಗಳಲ್ಲಿ 240 ಗಂಟೆ ಸೇವೆ, ಏಳು ದಿನಗಳ ಒಂದು ವಿಶೇಷ ಶಿಬಿರ ಅದರ ನಿಯಮ. ಈ ಸೀಮೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದ ದಶಕಗಳಲ್ಲಿ ಹಳ್ಳಿಗಳಿಗೆ ಶಿಬಿರ ಹೋಗುವುದು ವಾಡಿಕೆಯಾಯಿತು: ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಗುಡಿಯ ಕಟ್ಟೆಯ ಮುಂದೆ ಹಾಡು, ನಾಟಕ. 1972ರ ನವೆಂಬರ್ 14ರಿಂದ ನೆಹರು ಯುವ ಕೇಂದ್ರಗಳು ಕಾಲೇಜು ಮೆಟ್ಟಿಲು ಹತ್ತದ ಹಳ್ಳಿಯ ತರುಣರನ್ನು ಯುವಕ ಮಂಡಳಗಳ ಮೂಲಕ ಮುಟ್ಟಿದವು.

1980ರ ದಶಕದಿಂದ ದಾರಿ ಕವಲೊಡೆಯಿತು. ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ತರುಣರಿಗೆ ಊಟ, ವಸತಿ ಸಹಿತ ಅಲ್ಪಾವಧಿಯ ಉಚಿತ ತರಬೇತಿ ಕೊಟ್ಟು, ಆಮೇಲೂ ಬೆನ್ನಿಗೆ ನಿಂತು ಸಾಲ ಕೊಡಿಸುವ ಮಾದರಿಯನ್ನು ರೂಪಿಸಿತು. ಇದನ್ನೇ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ದೇಶಕ್ಕೆ ಹರಡಿತು. 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಬಂದವು. ಹೊಲಿಗೆ, ಮೊಬೈಲ್ ರಿಪೇರಿ, ಕಂಪ್ಯೂಟರ್, ಹೈನುಗಾರಿಕೆ ಕಲಿತು ಸ್ವಂತ ಅಂಗಡಿ ಇಟ್ಟವರು ಪ್ರತಿ ಊರಲ್ಲೂ ಸಿಗುತ್ತಾರೆ. ಇದು ಸಣ್ಣ ಗಳಿಕೆಯಲ್ಲ. ಆದರೆ ಕೊರಡೂರಿನಲ್ಲಿ ಒಂದೇ ಸೂರಿನಡಿ ಇದ್ದ ಎರಡು ಕಲಿಕೆಗಳು ಇಲ್ಲಿ ಬೇರೆಯಾದವು. ಸೇವೆಯ ಶಿಬಿರ ದುಡಿಮೆ ಕಲಿಸುವುದಿಲ್ಲ. ದುಡಿಮೆಯ ತರಬೇತಿಯಲ್ಲಿ ಊರಿನ ಸುದ್ದಿಯೇ ಇಲ್ಲ. ಈ ಎರಡನ್ನೂ ಮತ್ತೆ ಕೂಡಿಸಲೇಬೇಕು.

ಇನ್ನೊಂದು ಕೊರತೆ ಈ ಸೀಮೆಯದೇ ಆದದ್ದು: ಇಲ್ಲಿಯ ಹೆಣ್ಣುಮಕ್ಕಳು ಬಲ್ಲ ಕೆಲಸಕ್ಕೆ ಪ್ರಮಾಣಪತ್ರ ವಿರಳ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದ ಮೇಲೆ ಹೈಬ್ರಿಡ್ ಬೀಜದ ಬೆಳೆ ಈ ಭಾಗದಲ್ಲಿ ವೃತ್ತಿಯಾಗಿ ಬೆಳೆಯಿತು. ರಾಣೆಬೆನ್ನೂರು ಹತ್ತಿ ಮತ್ತು ತರಕಾರಿ ಬೀಜಕ್ಕೆ ದೇಶದಲ್ಲೇ ಹೆಸರಾಯಿತು. ಹೊಲದಲ್ಲಿ ‘ಕ್ರಾಸಿಂಗ್’ ಮಾಡುವವರ ಕೈಚಳಕವೇ ಅದರ ಬಂಡವಾಳ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಶಲಾಕೆಗೆ ಪೆಟ್ಟಾಗದಂತೆ ಕೇಸರಗಳನ್ನು ಉಗುರಿನಿಂದ ಬಿಡಿಸಿ, ಮುಚ್ಚಿ ಗುರುತು ಕಟ್ಟಬೇಕು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ತಂದು ಸವರಬೇಕು. ಹೊತ್ತು ಮೀರಿದರೆ ಕಾಯಿ ಕಟ್ಟದು, ಒಂದು ಕೇಸರ ಉಳಿದರೆ ಬೀಜ ಬೆರಕೆ. ಈ ಸೂಕ್ಷ್ಮ ಕೆಲಸವನ್ನು ಬಲ್ಲವರು ಬಹುಪಾಲು ಹೆಣ್ಣುಮಕ್ಕಳು, ಎಷ್ಟೋ ಜನ ಓದುವ ವಯಸ್ಸಿನಲ್ಲೇ ಹೊಲಕ್ಕೆ ಇಳಿದವರು. ಶಾಲೆ ತಪ್ಪಿಸಿದ ಆ ಅನ್ಯಾಯವನ್ನು ಯಾವ ಕೌಶಲದ ಹೊಗಳಿಕೆಯೂ ಮುಚ್ಚಬಾರದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಬಣ್ಣ, ಸುಕ್ಕು ನೋಡಿ ದರ್ಜೆವಾರು ವಿಂಗಡಿಸುವ, ತೊಟ್ಟು ಬಿಡಿಸುವ ಹೆಂಗಸರ ಅರಿವಿಗೂ ಕಾಗದದ ಮನ್ನಣೆ ವಿರಳ. ಮೊದಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅವಕಾಶವಿದೆ. ಅದು ಮೊದಲು ತಲುಪಬೇಕಾದದ್ದು ಇವರಿಗೆ.

ಹೊರಗಿನ ಲೋಕದಲ್ಲಿ ಸೇವೆಯನ್ನೂ ಕೌಶಲವನ್ನೂ ಕೂಡಿಸುವ ಸಾಧನಾ ಕಾರ್ಯಕ್ರಮಗಳಿಗೆ ಮಾದರಿಯೆನಿಸಿದ್ದು ಶಿಕ್ಷಣತಜ್ಞ ಕುರ್ಟ್ ಹಾನ್ ಅವರ ಚಿಂತನೆಯಿಂದ 1956ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಡ್ಯೂಕ್ ಆಫ್ ಎಡಿನ್‌ಬರೊ ಪುರಸ್ಕಾರ. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಮಟ್ಟಗಳಲ್ಲಿ ಸೇವೆ, ಕೌಶಲ, ವ್ಯಾಯಾಮ, ಸಾಹಸಯಾತ್ರೆ ನಾಲ್ಕನ್ನೂ ಅದು ಒಬ್ಬನೇ ಅಭ್ಯರ್ಥಿಯಿಂದ ಕೇಳುತ್ತದೆ. ಭಾರತದಲ್ಲಿ ಅದು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಲ್ಲಿ ಉಳಿದಿದೆ.

2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ‘ಮೇರಾ ಯುವ ಭಾರತ್’ ಸಂಸ್ಥೆಯನ್ನು ಆರಂಭಿಸಿ ತರುಣರ ನೋಂದಣಿಯನ್ನು ಆನ್‌ಲೈನಿಗೆ ತಂದಿತು. ಹಾವೇರಿಗೆ ತನ್ನದೇ ವಿಶ್ವವಿದ್ಯಾಲಯವೂ ಬಂತು. ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಿವೆ. ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಸೇವಾ ಯೋಜನೆಯ 240 ಗಂಟೆಗಳಲ್ಲಿ ಒಂದು ಪಾಲನ್ನು ಬೀಜದ ಹೊಲ, ಮೆಣಸಿನಕಾಯಿ ಮಾರುಕಟ್ಟೆ, ಖಾದಿ ಮಗ್ಗಗಳಲ್ಲಿ ಕಳೆಯಲು ಬೇಕಾದ ಸಂಸ್ಥೆಗಳೆಲ್ಲ ಈ ಮೂರು ತಾಲ್ಲೂಕುಗಳ ಆಸುಪಾಸಿನಲ್ಲೇ ಇವೆ.