ಶೀಗಿ ಹುಣ್ಣಿಮೆಯ ಬುತ್ತಿ: ಬಾಗಲಕೋಟೆ ಸೀಮೆಯ ಶರತ್ಕಾಲದ ಅಡುಗೆ ಮತ್ತು ಮನೆತನ

ಬಾದಾಮಿಯ ಮೂರನೆಯ ಗುಹಾಲಯದಲ್ಲಿರುವ ಸಂಸ್ಕೃತ ಶಾಸನವು ಶಕವರ್ಷ 500ರ, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯ ದಿನ ನೀಡಿದ ದತ್ತಿಯೊಂದನ್ನು ದಾಖಲಿಸುತ್ತದೆ. ಅಣ್ಣನಾದ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ ಮಂಗಳೇಶನು ಇಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿ ಲಂಜಿಗೇಸರವೆಂಬ ಗ್ರಾಮವನ್ನು ಬಿಟ್ಟುಕೊಟ್ಟನು. ಅದರ ಉತ್ಪನ್ನದಿಂದ ನಾರಾಯಣಬಲಿ ನಡೆಯಬೇಕು, ಹದಿನಾರು ಮಂದಿ ಬ್ರಾಹ್ಮಣರಿಗೆ ನಿತ್ಯವೂ ಊಟ ಸಲ್ಲಬೇಕು, ಉಳಿದದ್ದು ಪರಿವ್ರಾಜಕರ ಭೋಜನಕ್ಕೆ ವಿನಿಯೋಗವಾಗಬೇಕು ಎಂಬುದು ಆ ದತ್ತಿಯ ಕಟ್ಟಳೆ. ಅದೇ ಗುಹೆಯ ಕನ್ನಡ ಶಾಸನವು ಈ ಆಲಯವನ್ನು ‘ಕಲ್ಮನೆ’ ಎಂದು ಕರೆದಿದೆ. ಇತಿಹಾಸಕಾರರು ಈ ಶಾಸನಗಳನ್ನು ಕಾಲನಿರ್ಣಯಕ್ಕಾಗಿ, ಶಿಲ್ಪಕ್ಕಾಗಿ, ಭಾಷೆಯ ಪ್ರಾಚೀನತೆಗಾಗಿ ಓದಿರುವರು. ಅವುಗಳ ವಿಷಯ ಊಟವೆಂಬುದೂ ಅವುಗಳ ಕಾಲ ಶರತ್ಕಾಲವೆಂಬುದೂ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಕಲ್ಮನೆಯ ಊಟಕ್ಕೆ ಶಾಸನವಿದೆ. ಮಣ್ಣಿನ ಮನೆಯ ಊಟಕ್ಕೆ ಇಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಪರಿಸರದ ಒಕ್ಕಲು ಮನೆತನಗಳು ಶರತ್ಕಾಲದಲ್ಲಿ ಏನನ್ನು ಉಂಡವು, ಯಾರೊಡನೆ ಉಂಡವು ಎಂಬುದನ್ನು ಅರಿಯಲು ಇರುವ ಮುಖ್ಯ ಆಕರವೆಂದರೆ ಆಚರಣೆಗಳ ಪಂಚಾಂಗವೇ. ಭಾದ್ರಪದದ ಜೋಕುಮಾರ, ಆಶ್ವಯುಜದ ಮಹಾನವಮಿ ಮತ್ತು ಶೀಗಿ ಹುಣ್ಣಿಮೆ, ಆಶ್ವಯುಜದ ಕೊನೆಗೂ ಕಾರ್ತಿಕದ ಮೊದಲಿಗೂ ಬರುವ ದೀಪಾವಳಿ, ಇವುಗಳನ್ನು ದೇವತಾರಾಧನೆಯ ದಿನಗಳೆಂದು ಮಾತ್ರ ಕಂಡರೆ ಅರ್ಧ ಸಂಗತಿ ಬಿಟ್ಟುಹೋಗುತ್ತದೆ. ಚದುರಿದ ಮನೆಮಂದಿಯನ್ನು ಒಂದು ಒಲೆಯ ಸುತ್ತ ಮರಳಿ ಕೂಡಿಸುವ ವ್ಯವಸ್ಥೆಯಾಗಿಯೂ ಇವು ದುಡಿದಿವೆ.

‘ಶರತ್ಕಾಲ’ವೆಂಬುದು ಗ್ರಂಥಸ್ಥ ಪದ. ಈ ಸೀಮೆಯ ರೈತನಿಗೆ ಅದು ‘ಹಿಂಗಾರಿ’. ವರ್ಷಕ್ಕೆ ಆರುನೂರು ಮಿಲಿಮೀಟರಿನೊಳಗೇ ಮಳೆ ಬೀಳುವ ಈ ಬಯಲುಸೀಮೆಯಲ್ಲಿ ಸಪ್ಟೆಂಬರ್ ತಿಂಗಳ ಮಳೆಯೇ ದೊಡ್ಡದು. ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ಎಣಿಸುವ ರೈತರು ಎರೆಭೂಮಿಯನ್ನು ಮುಂಗಾರಿನಲ್ಲಿ ಹರಗಿ ಬರಿದೇ ಇಟ್ಟು, ಉತ್ತರಿ ಹಸ್ತಗಳ ಹದಕ್ಕೆ ಬಿಳಿಜೋಳ, ಕಡಲೆ, ಕುಸುಬಿಗಳನ್ನು ಕೂರಿಗೆಯಿಂದ ಬಿತ್ತುತ್ತ ಬಂದಿರುವರು. ಅತ್ತ ಮಸಾರಿ ಹೊಲಗಳಲ್ಲಿ ಸಜ್ಜೆ ತೆನೆ ಬಲಿತಿರುತ್ತದೆ, ಹೆಸರು ಮನೆಗೆ ಬಂದಿರುತ್ತದೆ, ಶೇಂಗಾ ಕೀಳುವ ಹೊತ್ತು ಹತ್ತಿರವಾಗಿರುತ್ತದೆ. ಒಂದು ಬೆಳೆ ಕೈಗೆ ಬರುವ ಮತ್ತು ಇನ್ನೊಂದು ಬೆಳೆ ಮಣ್ಣಿಗೆ ಹೋಗುವ ಈ ಸಂಧಿಕಾಲದಲ್ಲಿ ಮನೆಯ ಪ್ರತಿಯೊಂದು ಕೈಯೂ ಬೇಕು. ದುಡಿಮೆಗಾಗಿ ಊರು ಬಿಟ್ಟವರು ಈ ವೇಳೆಗೆ ಮರಳುವುದರಲ್ಲಿ ಭಕ್ತಿಯ ಪಾಲಿದ್ದಷ್ಟೇ ಬಿತ್ತಿಗೆಯ ಪಾಲೂ ಇದೆ.

ಜೋಕುಮಾರನಿಂದ ಈ ಸರಣಿ ತೊಡಗುತ್ತದೆ. ಭಾದ್ರಪದ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಅಂಬಿಗರ ಹೆಣ್ಣುಮಕ್ಕಳು ಬೇವಿನ ಸೊಪ್ಪಿನಿಂದ ಸಿಂಗರಿಸಿದ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ನೀಡುತ್ತಾರೆ. ಮರಳಿ ದೊರೆಯುವುದು ಬೇವಿನ ಎಲೆ ಮತ್ತು ನುಚ್ಚಿನ ಅಂಬಲಿ. ಆ ಅಂಬಲಿಯನ್ನು ಹೊಲಕ್ಕೊಯ್ದು ಬೆಳೆಗೆ ಚೆಲ್ಲುವುದುಂಟು. ಮನೆಯ ಕಾಳು ಊರಿನ ಕೈ ಸೇರಿ, ಬೆಂದು, ಹೊಲಕ್ಕೆ ತಲುಪುವ ಈ ಚಿಕ್ಕ ಪ್ರಯಾಣದಲ್ಲಿ ಮುಂದೆ ಶೀಗಿ ಹುಣ್ಣಿಮೆಯಲ್ಲಿ ವಿಸ್ತಾರಗೊಳ್ಳುವ ತರ್ಕದ ಮೊಳಕೆಯಿದೆ. ಮಹಾನವಮಿಯಲ್ಲಿ ಘಟ್ಟ ಹಾಕುವ ಮನೆಗಳು ದೇವರ ಮುಂದೆ ಮಣ್ಣು ಹರಡಿ ಕಾಳುಗಳನ್ನು ಬಿತ್ತುತ್ತವೆ. ಒಂಬತ್ತು ದಿನದಲ್ಲಿ ಏಳುವ ಸಸಿಗಳ ಚೆಲುವಿಕೆಯಿಂದ ವರ್ಷದ ಬೆಳೆಯನ್ನು ಊಹಿಸುವ ವಾಡಿಕೆ ಉಂಟು. ಬಿತ್ತುವ ಮುನ್ನ ಬೀಜದ ಸತ್ವವನ್ನು ಮನೆಯೊಳಗೇ ಪರೀಕ್ಷಿಸಿ ನೋಡುವ ಕ್ರಮವಿದು ಎಂಬ ವಿವರಣೆಯನ್ನು ತಳ್ಳಿಹಾಕಲಾಗದು.

ಶೀಗಿ ಹುಣ್ಣಿಮೆ ಆಶ್ವಯುಜ ಮಾಸದ ಹುಣ್ಣಿಮೆ. ಹೂವು ಕಾಯಿ ಹಿಡಿದ ಹೊಲ ಬಸುರಿಯೆಂಬುದು, ಅವಳ ಬಯಕೆ ತೀರಿಸಬೇಕೆಂಬುದು ಆಚರಣೆಯ ಒಳನಂಬಿಕೆ. ಅದಕ್ಕೆಂದೇ ಉಡಿ ತುಂಬುವುದು, ಹಸಿರು ಬಳೆ, ಗುಳೇದಗುಡ್ಡದ ಖಣ. ಬಸುರಿ ಮಗಳಿಗೆ ತವರಿನವರು ಒಯ್ಯುವ ಬುತ್ತಿಗೂ ಭೂಮಿಗೆ ಒಯ್ಯುವ ಬುತ್ತಿಗೂ ಅಡುಗೆಯಲ್ಲಿ ಹೆಚ್ಚಿನ ಭೇದವಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಕರ್ಚಿಕಾಯಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಮಡಿಕೆ ಕಾಳಿನ ಪಲ್ಲೆ, ಗುರೆಳ್ಳು ಅಗಸಿ ಶೇಂಗಾಗಳ ಹಿಂಡಿ, ಮೊಸರನ್ನ. ಹಿಂದಿನ ರಾತ್ರಿಯೇ ಒಲೆ ಹೊತ್ತಿರುತ್ತದೆ. ಬೆಳಗ್ಗೆ ಸಿಂಗರಿಸಿದ ಚಕ್ಕಡಿಯಲ್ಲಿ, ಈಗ ಹೆಚ್ಚಾಗಿ ಟ್ರ್ಯಾಕ್ಟರಿನಲ್ಲಿ, ಮನೆಮಂದಿಯೆಲ್ಲ ಹೊಲ ಸೇರುತ್ತಾರೆ. ಬನ್ನಿ ಗಿಡದ ಬುಡದಲ್ಲೋ ಬದುವಿನ ಮೇಲೋ ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜಿಸಿದ ತರುವಾಯ ಎಲ್ಲ ಅಡುಗೆಯಿಂದಲೂ ಒಂದಿಷ್ಟು ತೆಗೆದು ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಒಬ್ಬ ಮುಂದೆ ಕೂಗುತ್ತ ಚರಗ ಚೆಲ್ಲಿದರೆ ಇನ್ನೊಬ್ಬ ಹಿಂದೆ ನೀರು ಚಿಮುಕಿಸುತ್ತಾನೆ. ಭೂಮಿ ಉಂಡ ಮೇಲೆಯೇ ಮನೆಯವರ ಪಂಕ್ತಿ.

ಈ ಬುತ್ತಿಯನ್ನು ಹೊಲದ ಸಾಲುಗಳೊಡನೆ ಹೋಲಿಸಿ ನೋಡಬೇಕು. ಮುಖ್ಯ ಬೆಳೆಯ ನಡುವೆ ಕೆಲವು ಸಾಲುಗಳಲ್ಲಿ ತೊಗರಿ, ಮಡಿಕೆ, ಗುರೆಳ್ಳು, ಪುಂಡಿ, ಹಿಂಗಾರಿಯಾದರೆ ಕುಸುಬಿ, ಅಗಸಿ, ಕಡಲೆ ಹಾಕುವ ಪದ್ಧತಿಗೆ ಅಕ್ಕಡಿಯೆಂದು ಹೆಸರು. ರೊಟ್ಟಿಯ ಧಾನ್ಯ, ಪಲ್ಲೆಯ ಕಾಳು, ಸೊಪ್ಪು, ಹಿಂಡಿಯ ಎಣ್ಣೆಕಾಳು ಇವೆಲ್ಲವೂ ಒಂದೇ ಹೊಲದಿಂದ ಬರುತ್ತಿದ್ದವು. ಒಂದು ಬೆಳೆ ಸೋತರೆ ಇನ್ನೊಂದು ಕೈಹಿಡಿಯಲೆಂದು ರೈತ ಮಾಡಿಕೊಂಡ ಏರ್ಪಾಡು ಊಟದ ಗಂಗಾಳದಲ್ಲಿ ಸಮತೋಲನವಾಗಿ ಕಾಣಿಸಿಕೊಂಡಿತು. ಈಚೆಗೆ ‘ಆರೋಗ್ಯಕರ ಆಹಾರ’ವೆಂದು ಹೊಗಳಿಸಿಕೊಳ್ಳುತ್ತಿರುವ ಉತ್ತರ ಕರ್ನಾಟಕದ ಊಟವನ್ನು ಯಾರೋ ಆರೋಗ್ಯಕ್ಕೆಂದು ಯೋಜಿಸಿದ್ದಲ್ಲ, ಅದು ಮಳೆಯನ್ನು ನಂಬಲಾಗದ ನೆಲದ ಮುಂಜಾಗ್ರತೆ. ಅಕ್ಕಡಿ ಸಾಲು ಕಾಣೆಯಾದ ಹೊಲದಿಂದ ಈ ಬುತ್ತಿಯನ್ನು ಕಟ್ಟಲಾಗದು, ಕೊಂಡು ತರಬೇಕಾಗುತ್ತದೆ.

ಮುಂಜಾಗ್ರತೆಗೆ ಕಾರಣಗಳಿದ್ದವು. 1876ರಲ್ಲಿ ಮಳೆ ಕೈಕೊಟ್ಟು ತಲೆದೋರಿದ ಬರ 1878ರವರೆಗೂ ಕಾಡಿತು. ಅಂದು ಈ ಪ್ರದೇಶ ಕಲಾದಗಿ ಜಿಲ್ಲೆಗೆ ಸೇರಿತ್ತು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 6 ಲಕ್ಷ 40 ಸಾವಿರದೊಳಗೆ ಇಳಿಯಿತು. ಸತ್ತವರೆಷ್ಟು, ದೇಶಾಂತರ ಹೋದವರೆಷ್ಟು ಎಂಬ ಲೆಕ್ಕದಾಚೆಗೆ, ಐದರಲ್ಲೊಂದು ಪಾಲಿಗೂ ಮಿಕ್ಕಿ ಜನರನ್ನು ಕಳೆದುಕೊಂಡ ಸಮಾಜವು ಕಾಳನ್ನು ಹೇಗೆ ಕಂಡಿರಬೇಕೆಂಬುದನ್ನು ನೆನೆಯಬೇಕು. ನೆಲದಡಿಯ ಹಗೇವುಗಳಲ್ಲಿ ಜೋಳ ತುಂಬಿಡುವುದು, ಬೀಜದ ಕಾಳನ್ನು ಉಣ್ಣುವ ಕಾಳಿನಿಂದ ಬೇರೆಯಾಗಿ ಕಾಯ್ದುಕೊಳ್ಳುವುದು, ರೊಟ್ಟಿಯ ಚೂರನ್ನೂ ಎಸೆಯದೆ ಮಜ್ಜಿಗೆಯಲ್ಲಿ ನೆನೆಸಿ ಉಣ್ಣುವುದು, ಇವೆಲ್ಲ ಹಸಿವನ್ನು ಕಂಡವರ ಮನೆಯ ಶಿಸ್ತು. ಅಂಥವರು ವರ್ಷಕ್ಕೊಮ್ಮೆ ಬೇಯಿಸಿದ ಅನ್ನವನ್ನು ಹೊಲಕ್ಕೆ ಚೆಲ್ಲುತ್ತಾರೆಂದರೆ ಅದನ್ನು ದುಂದೆಂದು ಭಾವಿಸುವಂತಿಲ್ಲ.

ರೊಟ್ಟಿಯ ಕೆಲಸ ಹೆಣ್ಣುಮಕ್ಕಳದು. ಅದರ ಭಾರವನ್ನು ಮರೆತು ಮನೆಯೂಟವನ್ನು ಕೊಂಡಾಡುವುದು ಸಲ್ಲದು. ಗೋದಿಯಂತೆ ಜೋಳದ ಹಿಟ್ಟು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಕುದಿಯುವ ಎಸರು ಬೇಕು, ಬಿಸಿಯಿರುವಾಗಲೇ ನಾದಬೇಕು, ಕೈಯಿಂದಲೇ ಬಡಿದು ತೆಳ್ಳಗೆ ಮಾಡಬೇಕು. ಬೀಸಿ ಬಹಳ ದಿನ ಇಟ್ಟ ಹಿಟ್ಟು ಜಿಗಿ ಕಳೆದುಕೊಂಡು ರೊಟ್ಟಿ ಹರಿಯುವುದರಿಂದ ಆಗಾಗ ಬೀಸಿಕೊಳ್ಳಬೇಕು. ಹಿಟ್ಟಿನ ಗಿರಣಿಗಳು ಬರುವ ಮೊದಲು ಬೀಸುಕಲ್ಲಿನ ಮುಂದೆ ಕಳೆದ ನಸುಕುಗಳು ಎಷ್ಟೋ. ಬೀಸುವ ಪದಗಳ ಭಂಡಾರ ಅಷ್ಟು ದೊಡ್ಡದಾಗಿರುವುದಕ್ಕೆ ದುಡಿಮೆಯ ದೀರ್ಘತೆಯೂ ಒಂದು ಕಾರಣ.

ಈ ಸೀಮೆಯಲ್ಲಿ ಕುಟುಂಬದ ಅಳತೆಗೋಲು ಒಲೆ. ಅಣ್ಣತಮ್ಮಂದಿರು ಬೇರೆಯಾದರೆಂಬುದನ್ನು ‘ಒಲಿ ಬ್ಯಾರೆ ಆತು’ ಎಂದೇ ಹೇಳುವರು. ಆದರೆ ಒಲೆ ಒಡೆದಷ್ಟು ಬೇಗ ಹೊಲ ಒಡೆಯುವುದಿಲ್ಲ. ಹೀಗಾಗಿ ಬೇರೆ ಬೇರೆ ಒಲೆಗಳ ಬುತ್ತಿಗಳು ಶೀಗಿ ಹುಣ್ಣಿಮೆಯಂದು ಒಂದೇ ಬದುವಿನ ಮೇಲೆ ಬಿಚ್ಚಿಕೊಳ್ಳುತ್ತವೆ. ಮನೆಯಲ್ಲಿ ಮುರಿದ ಪಂಕ್ತಿ ಹೊಲದಲ್ಲಿ ಕೂಡುತ್ತದೆ ಎಂಬುದು ಈ ಆಚರಣೆಯ ಸಾಮಾಜಿಕ ಕಾರ್ಯಗಳಲ್ಲಿ ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು.

ಇಳಕಲ್ಲಿನ ನೇಕಾರ ಮನೆಗಳ ಸ್ಥಿತಿ ಬೇರೆ. ಅಲ್ಲಿ ಕುಣಿಮಗ್ಗ ಮನೆಯೊಳಗೇ ಇದ್ದು ಗಂಡಸರೂ ಹೆಂಗಸರೂ ಮಕ್ಕಳೂ ಒಂದೇ ಸೂರಿನಡಿ ದುಡಿಯುವುದರಿಂದ ಊಟಕ್ಕೆ ಮರಳಿ ಬರುವ ಪ್ರಶ್ನೆ ಏಳುವುದಿಲ್ಲ. ಹೊಲವಿಲ್ಲದ ನೇಕಾರನಿಗೆ ಒಕ್ಕಲಿಗನ ಹಬ್ಬವೇ ಗಿರಾಕಿ. ಇದೇ ಪಟ್ಟಣದ ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು (ನಿಧನ 2018) 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯನ್ನೂ ಇಲ್ಲಿ ಸ್ಮರಿಸಬೇಕು. ಜಂಗಮನ ಜೋಳಿಗೆಗೆ ಕಾಳು ಹಾಕುವುದು ರೂಢಿ. ಸ್ವಾಮಿಗಳು ಕಾಳಿನ ಬದಲು ಕುಡಿತ ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಸೆರೆ ಅಂಗಡಿಗೆ ಹೋಗುವ ಕೂಲಿ ಮನೆಯ ಗಡಿಗೆಯಿಂದಲೇ ಹೋಗುತ್ತದೆಂಬ ತಿಳಿವಳಿಕೆ ಆ ಬೇಡಿಕೆಯಲ್ಲಿತ್ತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ಪಂಚಾಂಗಕ್ಕೆ ನೀರಿನಿಂದಲೇ ಸಂಕಟ ಬಂದಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಿದಾಗ ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಭಾಗಗಳೂ ಸುತ್ತಲಿನ ಹಳ್ಳಿಗಳೂ ಫಲವತ್ತಾದ ಎರೆಭೂಮಿಯೂ ಮುಳುಗಿದವು. ಸಂತ್ರಸ್ತರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. ಪರಿಹಾರದ ಲೆಕ್ಕದಲ್ಲಿ ಮನೆ, ಹೊಲ, ಗಿಡ, ಬಾವಿಗಳು ಸೇರಿದವು. ಚರಗ ಚೆಲ್ಲುವ ಬದುವಿಗೆ ಲೆಕ್ಕದ ಕಾಲಂ ಇರಲಿಲ್ಲ. ಮುಂಗಾರಿನಲ್ಲಿ ತುಂಬುವ ಜಲಾಶಯ ಶರತ್ಕಾಲದಲ್ಲಿ ತುಂಬಿಯೇ ಇರುತ್ತದೆ, ಹಿನ್ನೀರು ಸರಿದು ನೆಲ ಕಾಣುವುದು ಬೇಸಗೆಯಲ್ಲಿ. ಹೀಗಾಗಿ ಹಬ್ಬದ ದಿನ ಹೊಲ ನೀರೊಳಗಿರುತ್ತದೆ, ಹೊಲ ಕಾಣುವ ದಿನ ಹಬ್ಬವಿರುವುದಿಲ್ಲ. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಎತ್ತರವನ್ನು 524.256 ಮೀಟರಿಗೆ ಏರಿಸಲು ಅವಕಾಶ ನೀಡಿರುವುದರಿಂದ ಈ ಪ್ರಶ್ನೆ ಇನ್ನಷ್ಟು ಹಳ್ಳಿಗಳ ಮುಂದಿದೆ.

ಹೊಳೆಯ ಇನ್ನೊಂದು ಪೆಟ್ಟು 2009ರದು. ಆ ವರ್ಷ ವಿಜಯದಶಮಿ ಸಪ್ಟೆಂಬರ್ 28ರಂದು ಬಂದಿತ್ತು. ಬನ್ನಿ ಹಂಚಿಕೊಂಡ ಮರುದಿನಗಳಲ್ಲೇ ಸುರಿದ ಮಳೆ ಮತ್ತು ಮಲಪ್ರಭೆಯ ಪ್ರವಾಹದಿಂದ ಬಾದಾಮಿ, ಹುನಗುಂದ ತಾಲೂಕುಗಳ ಮಣ್ಣಿನ ಮನೆಗಳು ಕುಸಿದವು. ಶೀಗಿ ಹುಣ್ಣಿಮೆ ಅಕ್ಟೋಬರ್ ಮೊದಲ ವಾರದಲ್ಲಿತ್ತು. ಅಂದು ಬುತ್ತಿ ಕಟ್ಟಬೇಕಾದ ಎಷ್ಟೋ ಮನೆಗಳವರು ಗಂಜಿಕೇಂದ್ರಗಳಲ್ಲಿ ಉಂಡರು. ತರುವಾಯ ಎದ್ದ ‘ಆಸರೆ’ ಮನೆಗಳಲ್ಲಿ ಸೂರು ದೊರೆಯಿತು. ಆದರೆ ದನದ ಹಕ್ಕೆ, ಹಗೇವು, ಹೊಗೆ ಹೋಗುವಷ್ಟು ವಿಸ್ತಾರದ ಒಲೆಯ ಜಾಗ ಇವುಗಳಿಗೆ ಆ ನಕ್ಷೆಯಲ್ಲಿ ಎಡೆಯಿರಲಿಲ್ಲ.

ಗೋವೆ, ಮಂಗಳೂರು, ಉಡುಪಿಗಳ ಕಟ್ಟಡ ಮತ್ತು ರಸ್ತೆ ಕಾಮಗಾರಿಗಳಿಗೆ ಗುಳೆ ಹೋದ ಬಾದಾಮಿ ಹುನಗುಂದದ ಸಂಸಾರಗಳು ಇಂದಿಗೂ ಹಬ್ಬಕ್ಕೆ ಮರಳುವುದುಂಟು. ಬರುವಾಗ ಸಂಬಳ ತರುತ್ತಾರೆ, ಹೋಗುವಾಗ ಕಡಕ್ ರೊಟ್ಟಿಯ ಕಟ್ಟು, ಹಿಂಡಿಯ ಡಬ್ಬಿ ಒಯ್ಯುತ್ತಾರೆ. ವಾರಗಟ್ಟಲೆ ಕೆಡದ ಈ ರೊಟ್ಟಿಯೇ ಗುಳೆಯ ಬದುಕಿಗೆ ಮನೆಯನ್ನು ಅಂಟಿಸಿಟ್ಟಿದೆಯೆನ್ನಬಹುದು. ಮರಳಿ ಬಂದವರ ಮಕ್ಕಳಿಗೆ ಮಾತ್ರ ಅನ್ನವೇ ನಿತ್ಯದ ಊಟ. ಒಂದು ಕಾಲಕ್ಕೆ ಹಬ್ಬದ ಅಡುಗೆಯಾಗಿದ್ದ ಅನ್ನ, ನ್ಯಾಯಬೆಲೆ ಅಂಗಡಿಯ ಮೂಲಕ, ವಿಶೇಷವಾಗಿ 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ, ನಿತ್ಯದ ಅಡುಗೆಯಾಯಿತು. ನಿತ್ಯದ ರೊಟ್ಟಿ ಹಬ್ಬದ ಬುತ್ತಿಗೆ ಸರಿಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳಕ್ಕೆ ಪೇಟೆಯಲ್ಲಿ ದೊರೆತ ಗೌರವ, ಅದನ್ನು ಬಡವರ ಊಟವೆಂದು ಬಿಟ್ಟುಕೊಟ್ಟ ಮನೆಗಳಿಗೆ ಸೋಜಿಗವಾಗಿಯೇ ಕಂಡಿರಬೇಕು.

ಬಾದಾಮಿ ಸಮೀಪದ ಬನಶಂಕರಿಯ ಗುಡಿಯ ಮುಂದೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಹಿಂಡಿ, ಗಡಿಗೆಯಲ್ಲಿ ಗಟ್ಟಿ ಮೊಸರು ತಂದು ಯಾತ್ರಿಕರಿಗೆ ಬಡಿಸಿ ಮಾರುತ್ತಾರೆ. ಶಾಕಂಬರಿಯೆಂದು, ಕಾಯಿಪಲ್ಲೆಗಳ ತಾಯಿಯೆಂದು ಪೂಜೆಗೊಳ್ಳುವ ದೇವಿಯ ಅಂಗಳಕ್ಕೆ ಈ ವ್ಯಾಪಾರ ಒಪ್ಪುವಂಥದೇ. ನವನಗರದಲ್ಲಿ ಹೊಲವಿಲ್ಲದ ಕುಟುಂಬಗಳು ಶೀಗಿ ಹುಣ್ಣಿಮೆಗೆ ಬೀಗರ, ಗೆಳೆಯರ ಹೊಲಗಳಿಗೆ ಹೋಗುತ್ತವೆ. ಅದೂ ಇಲ್ಲದವರು ಉದ್ಯಾನಗಳ ಗಿಡದ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಆ ಬುತ್ತಿಯಲ್ಲಿ ರೊಟ್ಟಿಯನ್ನು ಕೆಲವರು ಮನೆಯಲ್ಲಿ ಬಡಿದಿರುತ್ತಾರೆ, ಕೆಲವರು ಮಹಿಳಾ ಸ್ವಸಹಾಯ ಗುಂಪುಗಳಿಂದ ಲೆಕ್ಕ ಮಾಡಿ ಕೊಂಡಿರುತ್ತಾರೆ. ಉಣ್ಣುವ ಮೊದಲು ಎಲ್ಲ ಅಡುಗೆಯಿಂದ ಒಂದೊಂದು ಚೂರು ತೆಗೆದು ಗಿಡದ ಬುಡಕ್ಕೆ ಹಾಕುವುದನ್ನು ಮಾತ್ರ ಹಿರಿಯರು ಬಿಟ್ಟಿಲ್ಲ.