ಮೂಳೆ, ಹಲ್ಲುಗಳ ಖನಿಜ ಸವೆತ: ಸದಸ್ಯರ ಗಮನಕ್ಕೆ



ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 99 ಭಾಗ ಇರುವುದು ಮೂಳೆ ಮತ್ತು ಹಲ್ಲುಗಳಲ್ಲೇ. ಅದು ರಂಜಕದೊಡನೆ ಕೂಡಿ ಅವಕ್ಕೆ ಗಟ್ಟಿತನ ಕೊಡುತ್ತದೆ. ಈ ಖನಿಜ ಕರಗತೊಡಗಿದಾಗ ಮೊದಮೊದಲು ನೋವಿರುವುದಿಲ್ಲ. ಹಲ್ಲು ಜುಮ್ಮೆಂದಾಗಲೋ, ಬಚ್ಚಲಲ್ಲಿ ಜಾರಿ ಸೊಂಟ ಮುರಿದಾಗಲೋ ಗೊತ್ತಾಗುತ್ತದೆ. ನಮ್ಮಲ್ಲಿ ಅರವತ್ತು ದಾಟಿದವರು ಬಹಳ ಮಂದಿ ಇರುವುದರಿಂದ ಈ ಮಾಹಿತಿ ನೀಡುತ್ತಿದ್ದೇವೆ.

ಹಲ್ಲು: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವಾದ ಎನಾಮೆಲ್ ಅನ್ನು ಕರಗಿಸುತ್ತದೆ. ಮೊದಲು ಕಾಣುವುದು ಸುಣ್ಣದಂಥ ಬಿಳಿ ಮಚ್ಚೆ. ಈ ಹಂತದಲ್ಲಿ ಜೊಲ್ಲಿನ ಖನಿಜ ಮತ್ತು ಫ್ಲೋರೈಡ್ ಪೇಸ್ಟ್ ಅದನ್ನು ಮತ್ತೆ ಗಟ್ಟಿ ಮಾಡಬಲ್ಲವು. ಕುಳಿ ಬಿದ್ದ ಮೇಲೆ ದಂತವೈದ್ಯರೇ ಗತಿ. ಗಳಿಗೆಗೊಮ್ಮೆ ಸಕ್ಕರೆ ಚಹಾ ಕುಡಿದರೆ ಜೊಲ್ಲಿಗೆ ಈ ರಿಪೇರಿಗೆ ಬಿಡುವೇ ಸಿಗದು.

ಮೂಳೆ: ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಅದನ್ನು ಮೂಳೆಯಿಂದ ತೆಗೆದುಕೊಳ್ಳುತ್ತದೆ. ಸುಮಾರು 30 ವಯಸ್ಸಿನವರೆಗೆ ಜಮಾ ಹೆಚ್ಚು, ಮುಂದೆ ಖರ್ಚು ಹೆಚ್ಚು. ಮುಟ್ಟು ನಿಂತ ಮಹಿಳೆಯರಲ್ಲಿ ಮೊದಲ ಕೆಲವು ವರ್ಷ ಸವೆತ ವೇಗವಾಗಿರುತ್ತದೆ. ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರೂ ಬೀಡಿ, ಸಿಗರೇಟು ಸೇದುವವರೂ ಎಚ್ಚರವಾಗಿರಬೇಕು. ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್. ಚಿಕಿತ್ಸೆಯಿಂದ ಸವೆತ ತಡೆಯಬಹುದು.

ಆಹಾರ: ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ, ಮುಟ್ಟು ನಿಂತವರಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ 2020ರಲ್ಲಿ ಸೂಚಿಸಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ, ಜೋಳದಲ್ಲಿ 30ರ ಆಸುಪಾಸು ಮಾತ್ರ. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯವರು ಮುದ್ದೆ ಬಿಡಬೇಡಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ರೊಟ್ಟಿಯ ಜೊತೆ ಮೊಸರು, ಎಳ್ಳಿನ ಚಟ್ನಿಪುಡಿ ಇಟ್ಟುಕೊಳ್ಳಿ. ಅನ್ನವೇ ಮುಖ್ಯವಾದ ಕಾಸರಗೋಡಿನವರಿಗೆ ಮಜ್ಜಿಗೆ, ನುಗ್ಗೆಸೊಪ್ಪು ಒಳ್ಳೆಯದು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಅದಕ್ಕೆ ಮೈಗೆ ಬಿಸಿಲು ಬೀಳಬೇಕು. ದಿನಾ ನಡೆಯುವುದರಿಂದಲೂ ಮೂಳೆಗೆ ಬಲ.

ನೀರು: ಅನಂತಪುರ ಸೀಮೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ.

ಎತ್ತರ ಕುಗ್ಗಿದ್ದರೆ, ಬೆನ್ನು ಬಾಗಿದ್ದರೆ, ಸಣ್ಣ ಪೆಟ್ಟಿಗೆ ಮೂಳೆ ಮುರಿದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಕ್ಯಾಲ್ಸಿಯಂ ಮಾತ್ರೆಯನ್ನು ತಾವಾಗಿಯೇ ನುಂಗಬೇಡಿ. ಮನೆಯ ಬಚ್ಚಲಿಗೆ ಒಂದು ಹಿಡಿಕಂಬಿಯನ್ನು ಇಂದೇ ಹಾಕಿಸಿ ಎಂದು ವಿನಂತಿ.

– ಕಾರ್ಯದರ್ಶಿ